ನೋಡಲು ಬಂದವರು

ಎಚ್ಚರವಾದಾಗ ಅವನು ಆಗಲೇ ಎದ್ದು ನಿಂತಿದ್ದ. ಎದ್ದದ್ದು ಮೊದಲೋ ಎಚ್ಚರವಾದದ್ದು ಮೊದಲೋ ಎಂಬುದು ಅವನಿಗೆ ಎಂದೂ ತಿಳಿದದ್ದಿಲ್ಲ. ಹೊರಗೆ ಲಾಡ್ಜಿನ ಕಾರಿಡಾರಿನಲ್ಲಿ ಯಾರೋ ಬೂಟುಗಾಲಲ್ಲಿ ನಡೆದುಹೋದರು, ಅಷ್ಟೇ; ಆ ಸದ್ದು ಕಿವಿಗೆ ಬೀಳುವ ಮೊದಲೇ ಅವನ ಮೊಣಕಾಲಿಗೆ ಬಿದ್ದಿತ್ತು. ಬನಿಯನ್ನಿನಲ್ಲಿ, ಬರಿಗಾಲಲ್ಲಿ, ಗೋಡೆಗೆ ಬೆನ್ನು ತಾಗಿಸದೆ ಕೈಕಟ್ಟಿ ನಿಂತ ತನ್ನನ್ನು ಎದುರಿನ ಕನ್ನಡಿಯಲ್ಲಿ ಕಂಡು ಅವನಿಗೆ ನಗುವೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ಕನ್ನಡಿಯೊಳಗಿನವನು ಯಾರ ಅಪ್ಪಣೆಗೆ ಕಾಯುತ್ತಿದ್ದಾನೆ ಎಂದು ಒಂದು ಗಳಿಗೆ ಸುಮ್ಮನೆ ನೋಡಿದ. ಸಾಹೇಬರ ಕೋಣೆಯ ಬಾಗಿಲ ಪಕ್ಕದಲ್ಲಿ ಅರ್ಧ ಆಯುಷ್ಯ ನಿಂತ ಜವಾನನಿಗೆ ರಜೆ ಸಿಗಬಹುದು, ಅವನ ಮೊಣಕಾಲಿಗೆ ಸಿಗುವುದಿಲ್ಲ. ಮಂಚದ ಮೇಲೆ ಹೆಂಡತಿ ಇಡೀ ಹಾಸಿಗೆಯನ್ನು ಆಕ್ರಮಿಸಿಕೊಂಡು, ಒಂದು ಕಾಲನ್ನು ಅವನ ಕಡೆಯ ದಿಂಬಿನ ಮೇಲೆ ಹಾಕಿ, ಬಾಯಿ ತೆರೆದು ನಿದ್ರಿಸುತ್ತಿದ್ದಳು. ರಾಜಧಾನಿಗೆ ಬಂದ ಮೊದಲ ರಾತ್ರಿಯೇ ಅವಳಿಗೆ ಹೀಗೆ ನಿದ್ದೆ ಬಂದೀತೆಂದು ಅವನು ಎಣಿಸಿರಲಿಲ್ಲ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿದು ಬಂದ ಅಂಗಿಗಳ ಕಾಲರು ತಿರುವಿ ತಪ್ಪು ಹುಡುಕುವ ಕೆಲಸ ಅವಳದು. ಮನೆಯಲ್ಲಿ ನಿದ್ದೆಯಲ್ಲೂ ಬೆರಳು ಆಡುತ್ತಿದ್ದವು. ಇಲ್ಲಿ ಆ ಬೆರಳುಗಳೂ ಮಲಗಿದ್ದವು. ಅವಳನ್ನು ಎಬ್ಬಿಸದೆ ಅವನು ಮೇಜಿನ ಮೇಲಿನ ಚಹಾದ ಲೋಟಗಳನ್ನು ತೊಳೆದ, ಮೇಜು ಒರೆಸಿದ, ನೀರಿನ ಜಗ್ಗಿಗೆ ಮುಚ್ಚಳ ಹಾಕಿದ, ತನ್ನ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದ. ಒರೆಸುವುದಕ್ಕೆ ಇನ್ನೇನೂ ಉಳಿಯದೆ ಕಿಟಕಿಯ ಗಾಜಿಗೆ ಕೈಹಾಕಿದಾಗ ಹಿಂದಿನಿಂದ ದನಿ ಬಂತು.

“ಏನ್ರೀ ಮಾಡ್ತಿದೀರ?”

“ಏನಿಲ್ಲ. ಹೊರಗಡೆ ಕಾಣ್ತಿರಲಿಲ್ಲ.”

“ಬಿಡ್ರೀ ಅದನ್ನ. ಅದಕ್ಕೆಲ್ಲ ಬೇರೆಯವರು ಇರ್ತಾರೆ.”

“ಆ ಬೇರೆಯವರು ಯಾವಾಗಲೂ ನಾನೇ ಅಲ್ವೇನೇ?” ಎಂದ. ತಮಾಷೆಗೆ ಅಂದದ್ದು. ಆದರೆ ಆಡಿದ ಮೇಲೆ ಮಾತು ಕೋಣೆಯ ನಡುವೆ ಬಟ್ಟೆಯಿಲ್ಲದೆ ನಿಂತ ಹಾಗೆ ಕಂಡು ಇಬ್ಬರೂ ಅದರ ಕಡೆ ನೋಡದೆ ಹಲ್ಲುಜ್ಜುವುದಕ್ಕೆ, ಚೀಲ ಹುಡುಕುವುದಕ್ಕೆ ತೊಡಗಿದರು.

ಊರು ತೋರಿಸುವ ಬಸ್ಸು ಚೌಕದ ಬಳಿ ನಿಂತಿತ್ತು. ಅದರ ಗೈಡು ತೆಳ್ಳನೆಯ ಮನುಷ್ಯ, ಕೈಯಲ್ಲಿ ಮೈಕು. ತನ್ನ ನಗೆಹನಿಗಳಿಗೆ ತಾನೇ ಮೊದಲು ನಗುತ್ತಿದ್ದ. ಅವಳು ಕಿಟಕಿಯ ಪಕ್ಕ ಕೂತು ಸೇತುವೆ, ಗೋಪುರ, ಗಡಿಯಾರ, ಕುದುರೆಯ ಮೇಲಿನ ಕಂಚಿನ ವೀರ ಎಲ್ಲವನ್ನೂ ಕಣ್ಣಲ್ಲೇ ತಿರುವಿಹಾಕಿ ನೋಡುತ್ತಿದ್ದಳು. “ಆ ಕುದುರೆ ನೋಡ್ರೀ, ಮೇಲೆ ಕೂತೋನಿಗಿಂತ ಅದೇ ಸುಸ್ತಾಗಿದೆ.” ಅವನು ನಕ್ಕ. ನಗುತ್ತಲೇ, ಕೂತ ಸೀಟಿನ ಅರ್ಧಭಾಗದಲ್ಲಿ ಮಾತ್ರ ತಾನು ಕೂತಿರುವುದು ಗೊತ್ತಾಗಿ ಹಿಂದಕ್ಕೆ ಸರಿದುಕೊಂಡ. ಸರಿಯಾಗಿ ಆಗಲೇ ಜೇಬಿನಲ್ಲಿ ಫೋನು ಕುಣಿಯಿತು. ಆಫೀಸಿನ ಗುಮಾಸ್ತ. ಆ ಪುಣ್ಯಾತ್ಮನ ಗಂಟಲು ಫೋನಿಲ್ಲದೆಯೂ ಪಕ್ಕದ ಊರಿಗೆ ಕೇಳುವಂಥದು.

“ಎಲ್ಲಪ್ಪಾ, ರೆಕಾರ್ಡ್ ಬೀರುವಿನ ಬೀಗದ ಕೈ ಎಲ್ಲಿಟ್ಟಿದ್ದೀಯ? ಸಾಹೇಬ್ರು ಕುಣೀತಿದಾರೆ. ಆಂ, ಗಡಿಯಾರದ ಹಿಂದೆನಾ? ಸರಿ ಸರಿ. ಅಂದ ಹಾಗೆ ನಿಮ್ಮನೆಯೋರ ಹಾರ್ಟು ಹೇಗಿದೆ? ದೊಡ್ಡ ಡಾಕ್ಟರು ಏನಂದ್ರು?”

ಫೋನನ್ನು ಕಿವಿಗೆ ಎಷ್ಟು ಒತ್ತಿ ಹಿಡಿದರೂ ಮಾತು ಬೆರಳ ಸಂದಿಯಿಂದ ಸೋರಿ ಅವಳ ಮಡಿಲಿಗೆ ಬೀಳುತ್ತಿತ್ತು. “ಪರವಾಗಿಲ್ಲ ಸಾರ್, ಪರೀಕ್ಷೆ ಮಾಡ್ತಿದಾರೆ” ಎಂದು ಫೋನು ಇಟ್ಟ. ರಜೆ ಕೇಳಿದ ದಿನ ಸಾಹೇಬರು ಕಾಗದದಿಂದ ಕಣ್ಣೆತ್ತದೆ “ನಿನಗೇನಯ್ಯಾ ರಾಜಧಾನಿಯಲ್ಲಿ ಕೆಲಸ?” ಎಂದಿದ್ದರು. ನೋಡೋಕೆ ಸಾರ್ ಎಂಬ ಮಾತು ಗಂಟಲವರೆಗೆ ಬಂದಿತ್ತು. ನೋಡುವುದು! ಸಾಹೇಬರು ಮಕ್ಕಳನ್ನು ಕರೆದುಕೊಂಡು ಬೆಟ್ಟ ನೋಡುತ್ತಾರೆ, ಸಮುದ್ರ ನೋಡುತ್ತಾರೆ, ಬಂದು ಎಲ್ಲರಿಗೂ ಹೇಳುತ್ತಾರೆ. ಜವಾನನಾದವನು ಆಸ್ಪತ್ರೆಗೆ ಹೋಗಬಹುದು, ಮಣ್ಣಿಗೆ ಹೋಗಬಹುದು, ಕೋರ್ಟಿಗೆ ಹೋಗಬಹುದು. ಸುಮ್ಮನೆ ಕಣ್ಣುಬಿಟ್ಟು ನೋಡುವುದಕ್ಕೆಂದು ಅವನು ಹೋಗಬಹುದು ಎಂಬ ಕಲ್ಪನೆಯೇ ಆ ಕೋಣೆಯಲ್ಲಿರಲಿಲ್ಲ. ಹೆಂಡತಿಗೆ ಹಾರ್ಟಿನ ತೊಂದರೆ ಸಾರ್, ದೊಡ್ಡಾಸ್ಪತ್ರೆಗೆ ತೋರಿಸಬೇಕು, ಎಂದುಬಿಟ್ಟಿದ್ದ. ರಜೆ ತಕ್ಷಣ ಸಿಕ್ಕಿತು. ಅಂದಿನಿಂದ ಅವಳು ಕೆಮ್ಮಿದರೆ, ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ ಅವನ ಎದೆ ಧಸಕ್ಕೆನ್ನುತ್ತಿತ್ತು. ತನ್ನ ಸುಳ್ಳು ಅವಳ ರಕ್ತಕ್ಕೆ ಇಳಿದು ನಿಜವಾಗಿಬಿಟ್ಟರೆ?

“ಅಂತೂ ನನಗೊಂದು ಹೃದಯ ಇದೆ ಅಂತ ಆಫೀಸಿನಲ್ಲಾದ್ರೂ ಒಪ್ಕೊಂಡಿದೀರಲ್ಲ” ಎಂದಳು ಅವಳು.

ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿ ನಕ್ಕಳು. ಅವನೂ ನಗಲು ಹೋದ. ಆದರೆ ಅವಳು ಕಿಟಕಿಯ ಕಡೆ ತಿರುಗಿಕೊಂಡಿದ್ದಳು. ಬಸ್ಸು ಎರಡು ಮೂರು ಕಟ್ಟಡಗಳನ್ನು ದಾಟಿತು, ಗೈಡು ಒಬ್ಬ ರಾಜನನ್ನು ಕೊಲ್ಲಿಸಿ ಇನ್ನೊಬ್ಬನನ್ನು ಪಟ್ಟಕ್ಕೆ ಏರಿಸಿದ.

“ನಾವಿಬ್ಬರು ಊರು ನೋಡೋಕೆ ಹೋಗ್ತೀವಿ ಅನ್ನೋದು ಅಷ್ಟು ನಾಚಿಕೆಗೇಡಾ ನಿಮಗೆ?” ಕೊನೆಗೆ ಕೇಳಿದಳು. ದನಿ ಸಣ್ಣದಿತ್ತು. “ಕಳ್ಳತನ ಮಾಡಿ ಓಡಿಬಂದೋರ ಹಾಗೆ.”

“ಹಾಗಲ್ವೇ…”

“ಹಾಗೇನೇ. ನನಗೆ ಇವತ್ತು ಗೋಪುರನೂ ಬೇಡ, ಗಡಿಯಾರನೂ ಬೇಡ. ಒಂದೇ ಒಂದು ಮಾಡಿ. ಈ ದಿನ ಪೂರ್ತಿ ನನ್ನ ಪಕ್ಕದಲ್ಲಿ ನಡೀರಿ. ನಡೆಯುವಾಗ ನೀವು ಯಾವಾಗಲೂ ಒಂದೋ ಓಡಿ ಮುಂದೆ ಹೋಗಿ ಬಾಗಿಲು ತೆಗೀತೀರ, ಇಲ್ಲ ಹಿಂದೆ ಉಳಿದು ಮುಚ್ಚುತೀರ. ನಾನು ಮದುವೆಯಾದದ್ದು ಯಾರನ್ನ ಅಂತ ಪಕ್ಕಕ್ಕೆ ತಿರುಗಿ ನೋಡಿದ್ರೆ ಅಲ್ಲಿ ಗಾಳಿ ಇರುತ್ತೆ.”

ಅವನು ತಲೆಯಾಡಿಸಿದ. ಇಷ್ಟು ಚಿಕ್ಕ ಕೆಲಸವನ್ನು ಯಾವ ಸಾಹೇಬರೂ ಅವನಿಗೆ ಎಂದೂ ಹೇಳಿರಲಿಲ್ಲ. ಅದಕ್ಕೇ ಇರಬೇಕು, ಹೆದರಿಕೆ ಶುರುವಾಯಿತು.

ಶಾಸನಸಭೆಯ ಭವನದ ಮುಂದೆ ಬಸ್ಸು ನಿಂತಾಗ ಬಿಸಿಲು ಏರಿತ್ತು. ಅಗಲವಾದ ಮೆಟ್ಟಿಲುಗಳನ್ನು ಅವನು ಅವಳ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗಿಸಿಕೊಂಡು ಹತ್ತಿದ. ಮೇಲೆ ಆಳೆತ್ತರದ ಮರದ ಬಾಗಿಲು, ಹಿತ್ತಾಳೆಯ ಹಿಡಿ, ಒತ್ತಿ ಹಿಡಿಯದಿದ್ದರೆ ತಾನಾಗಿ ಮುಚ್ಚಿಕೊಳ್ಳುವ ಭಾರದ ಕದ. ಬಾಗಿಲ ಬಳಿ ಯಾರೂ ಇರಲಿಲ್ಲ. ಅವನು ಅವಳಿಗೆಂದೇ ಕದ ತಳ್ಳಿದ, ಆಣೆ ಮಾಡಿ ಹೇಳಬಲ್ಲ, ತನ್ನ ಹೆಂಡತಿಗೆಂದೇ ತಳ್ಳಿದ್ದು. ಅವಳು ಒಳಗೆ ಹೋದಳು. ಹಿಂದೆ ಬಸ್ಸಿನ ಅಜ್ಜಿಯಿದ್ದಳು, ಮುದುಕಿಯ ಮುಖಕ್ಕೆ ಕದ ಬಿಡಲಾಗುತ್ತದೆಯೇ? ಅಜ್ಜಿಯ ಹಿಂದೆ ಮಗು ಎತ್ತಿಕೊಂಡವಳು. ಅವಳ ಹಿಂದೆ ಕಪ್ಪು ಕನ್ನಡಕದಾತ. ಅವನ ಹಿಂದೆ ಇನ್ನೊಂದು ಬಸ್ಸಿನವರು. ಪ್ರತಿಯೊಬ್ಬರ ನಂತರ ಒಂದು ಸಣ್ಣ ಬಿಡುವು ಬರುತ್ತಿತ್ತು, ಒಬ್ಬ ಮನುಷ್ಯ ಕೈಬಿಟ್ಟು ಒಳಗೆ ಹೋಗಲು ಸಾಕಾಗುವಷ್ಟು. ಆ ಬಿಡುವಿನಲ್ಲಿ ಅವನು ಮುಂದಿನವರ ಹೆಜ್ಜೆಗೆ ಕಿವಿಗೊಡುತ್ತಿದ್ದ. ಬಿಡು, ಬಿಡು ಎಂದು ತಲೆ ಹೇಳುತ್ತಿತ್ತು. ಕೈ ಕೇಳುತ್ತಿರಲಿಲ್ಲ. ಬೆನ್ನು ಆಗಲೇ ಕದಕ್ಕೆ ತಾಗದಂತೆ ನೆಟ್ಟಗಾಗಿತ್ತು, ಗದ್ದ ಇಳಿದಿತ್ತು, ದೃಷ್ಟಿ ಬರುವವರ ಎರಡನೆಯ ಗುಂಡಿಯ ಮೇಲೆ ನಿಂತಿತ್ತು. ಸಾಹೇಬರುಗಳ ಮುಖ ಅವನಿಗೆ ಮರೆತುಹೋಗುತ್ತದೆ, ಎರಡನೆಯ ಗುಂಡಿ ಮರೆಯುವುದಿಲ್ಲ. ಯಾರೂ ಅವನ ಕಡೆ ನೋಡಲಿಲ್ಲ. ಹೊಸ ಅಂಗಿ ತೊಟ್ಟಿದ್ದ, ಕತ್ತಿಗೆ ಪ್ರವಾಸದವರು ಕೊಟ್ಟ ಬಿಲ್ಲೆ ನೇತಾಡುತ್ತಿತ್ತು, ಆದರೂ ಒಬ್ಬನೂ ‘ನೀವೂ ಬನ್ನಿ’ ಅನ್ನಲಿಲ್ಲ. ಬಾಗಿಲು ಹಿಡಿದವನಿಗೆ ಮುಖವಿರಬೇಕಾಗಿಲ್ಲ ಎಂಬುದನ್ನು ಇಡೀ ಲೋಕ ಕೂಡಿ ಒಪ್ಪಂದ ಮಾಡಿಕೊಂಡ ಹಾಗಿತ್ತು. ಕಪ್ಪು ಕನ್ನಡಕದಾತ ವಾಪಸು ಬಂದು ಅವನ ಇನ್ನೊಂದು ಕೈಗೆ ಕೊಡೆ ತುರುಕಿ, “ಒಳಗೆ ಬಿಡಲ್ವಂತೆ, ಇಲ್ಲೇ ಇರಲಿ” ಎಂದು ಹೋದ. ಒಬ್ಬಾಕೆ ಟಾಯ್ಲೆಟ್ ಎಲ್ಲಿ ಎಂದು ಕೇಳಿದಳು. ಗೊತ್ತಿಲ್ಲಮ್ಮಾ ಎಂದ. “ಬಾಗಿಲಲ್ಲಿ ನಿಂತೋರಿಗೇ ಗೊತ್ತಿಲ್ಲ ಅಂದ್ರೆ!” ಎಂದು ಸಿಡುಕಿ ಹೋದಳು. ಅವನಿಗೆ ನಿಜವಾಗಿಯೂ ಅವಮಾನವಾಯಿತು. ಜೀವಮಾನದಲ್ಲಿ ಕಾಲಿಡದ ಕಟ್ಟಡದ ಪಾಯಿಖಾನೆ ಎಲ್ಲಿದೆಯೆಂದು ತಿಳಿಯದ್ದಕ್ಕೆ ಕಿವಿ ಬಿಸಿಯಾಯಿತು. ಆ ಬಿಸಿ ಕಿವಿಯನ್ನು ಮುಟ್ಟಿಕೊಳ್ಳಲು ಹೋದರೆ ಎರಡು ಕೈಯೂ ಖಾಲಿಯಿರಲಿಲ್ಲ. ಒಳಗೆ ತಂಪು ಕತ್ತಲಲ್ಲಿ ಅವಳ ಹಸಿರು ಚೀಲ ಮೆಟ್ಟಿಲೇರಿ ತಿರುವಿನಲ್ಲಿ ಮರೆಯಾದದ್ದನ್ನು ಅವನು ನೋಡಿದ. ಪಕ್ಕದಲ್ಲಿ ನಡೀರಿ ಎಂದಿದ್ದಳು. ಅವಳ ಪಕ್ಕದಲ್ಲಿ ಈಗ ಯಾರಿದ್ದಾರೆ?

“ಯಾರು ಕಳಿಸಿದ್ದು ನಿನ್ನ?”

ಪಕ್ಕದಲ್ಲಿ ಒಬ್ಬ ಏದುಸಿರು ಬಿಡುತ್ತ ನಿಂತಿದ್ದ. ಬಿಳಿಯ ಯೂನಿಫಾರ್ಮು, ಎದೆಗೆ ಪಟ್ಟಿ, ನರೆತ ಮೀಸೆ. ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಈ ಬಾಗಿಲಿನ ನಿಜವಾದ ಕಾವಲಿನವನು. ಸಿಟ್ಟಾಗಿದ್ದಾನೆ ಎಂದುಕೊಂಡರೆ ಅವನ ತುಟಿ ನಡುಗುತ್ತಿತ್ತು.

“ಯಾರೂ ಕಳಿಸಿಲ್ಲ ಅಣ್ಣ.”

“ಸುಳ್ಳು ಹೇಳಬೇಡ. ಕಂಟ್ರಾಕ್ಟರು ತಾನೇ? ಈ ತಿಂಗಳೇ ನನ್ನ ಜಾಗಕ್ಕೆ ಬೇರೆಯವನನ್ನ ಕಳಿಸ್ತೀನಿ ಅಂತಿದ್ದ. ಉಚ್ಚೆ ಹೊಯ್ಯೋಕೆ ಹೋಗಿದ್ದು ಕಣಪ್ಪ, ಉಚ್ಚೆಗೆ! ಬದಲಿ ಆಳು ಕೊಡಿ ಅಂದ್ರೆ ಕೊಡಲ್ಲ, ಬೆಳಗಿಂದ ಕಟ್ಟಿಕೊಂಡು ನಿಂತಿದ್ದೆ. ಗೋಡೆಗೆ ಒರಗಿದ್ರೆ ಕ್ಯಾಮರಾದಲ್ಲಿ ಕಾಣುತ್ತೆ, ಕೂತ್ರೆ ಕೆಲಸ ಹೋಗುತ್ತೆ. ಈಗ ಇಷ್ಟು ಹೊತ್ತಿಗೆ ನಿನ್ನ ತಂದು ನಿಲ್ಲಿಸಿಬಿಟ್ನಾ?”

ಅವನಿಗೆ ಹಾವು ತುಳಿದ ಹಾಗಾಯಿತು. ತನ್ನ ಕೈ ಮಾಡುತ್ತಿದ್ದದ್ದು ಮರ್ಯಾದೆಯಲ್ಲ, ವಿನಯವಲ್ಲ, ಇನ್ನೊಬ್ಬನ ಅನ್ನದ ತಟ್ಟೆಯನ್ನು ಗೊತ್ತಿಲ್ಲದೆ ಹಿಡಿದೆಳೆಯುತ್ತಿತ್ತು. ಕರೆಯದಿದ್ದರೂ ಬಂದು ನಿಲ್ಲುವ, ಕೂಲಿ ಕೇಳದ, ಬೆನ್ನು ಒರಗಿಸದ ಇಂಥ ಒಂದು ಮೈ ಸಿಕ್ಕರೆ ಯಾವ ಕಂಟ್ರಾಕ್ಟರು ಬೇಡವೆಂದಾನು? ಹೇಗೆ ತಿಳಿಸಿ ಹೇಳುವುದೆಂದು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ವಾಕಿಟಾಕಿ ಹಿಡಿದ ಸೂಪರ್‌ವೈಸರು ದಡದಡ ಬಂದ. ವಯಸ್ಸಿನಲ್ಲಿ ಇಬ್ಬರಿಗೂ ಮಗನಾಗಬೇಕಾದವನು.

“ಏಯ್, ಯಾರಯ್ಯಾ ನೀನು? ಯೂನಿಫಾರ್ಮ್ ಎಲ್ಲಿ?” ಅವನಿಂದ ಬಾಗಿಲಿನವನ ಕಡೆ ತಿರುಗಿ, “ನೀನೆಲ್ಲಿ ಹಾಳಾಗಿ ಹೋಗಿದ್ದೆ? ಸಿಕ್ಕಸಿಕ್ಕೋರನ್ನ ಬಾಗಿಲಿಗೆ ನಿಲ್ಲಿಸಿ ತಿರುಗಾಡೋಕೆ ಇದೇನು ನಿನ್ನ ಮಾವನ ಮನೆನಾ?”

ಬಾಗಿಲಿನವನ ದೃಷ್ಟಿ ಸೂಪರ್‌ವೈಸರನ ಎರಡನೆಯ ಗುಂಡಿಯ ಮೇಲೆ ನಿಂತದ್ದನ್ನು ಜವಾನ ಕಂಡ. ಆ ನೋಟವನ್ನು ಅವನು ಹೊರಗಿನಿಂದ ಎಂದೂ ನೋಡಿರಲಿಲ್ಲ. ಇಷ್ಟು ವರ್ಷ ತಾನು ಹೀಗೆ ಕಾಣುತ್ತಿದ್ದೆನೇ? ಗುಂಡಿಯನ್ನು ನೋಡುವವನ ನೆತ್ತಿ ಎಷ್ಟು ಬರಿದಾಗಿ, ಹೊಡೆಯಲು ಎಷ್ಟು ಅನುಕೂಲವಾಗಿ ಕಾಣುತ್ತದೆ! ಸೂಪರ್‌ವೈಸರನ ಹೆಗಲ ಆಚೆ, ಒಳಗಿನ ಮೆಟ್ಟಿಲ ಕೊನೆಯಲ್ಲಿ, ಅವನ ಹೆಂಡತಿ ಬಂದು ನಿಂತಿದ್ದಳು. ಅವನ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ಪರರ ಕೊಡೆ. ಅಡಗಿಸುವುದಕ್ಕೆ ಏನೂ ಉಳಿದಿರಲಿಲ್ಲ. ಒಮ್ಮೆ ಫ್ಯಾಕ್ಟರಿಯಲ್ಲಿ ಮ್ಯಾನೇಜರನ ಬಾಯಿ ಮುಚ್ಚಿಸಿದವಳು, ಈಗ ಬಂದು ಈ ಸೂಪರ್‌ವೈಸರನ ಗ್ರಹಚಾರ ಬಿಡಿಸುತ್ತಾಳೆ ಎಂದು ಕಾದ. ಅವಳು ಬರಲಿಲ್ಲ. ತುಟಿ ಬಿಗಿದು ಅಲ್ಲೇ ನಿಂತಳು. ಇದು ನಿಮ್ಮ ಮಾತು, ನೀವೇ ಆಡಿ ಎಂದು ಅವಳ ಕಣ್ಣು ಹೇಳಿದವೋ, ಅಥವಾ ಹಾಗೆ ಅವನಿಗೆ ಅನಿಸಿತೋ.

“ನಾನು ನೋಡೋಕೆ ಬಂದಿರೋನು” ಎಂದ.

ಮಾತು ತೀರ ಸಾಮಾನ್ಯವಾಗಿ, ಅಂಗಡಿಯಲ್ಲಿ ಸೋಪು ಕೇಳಿದ ಹಾಗೆ, ಹೊರಗೆ ಬಂತು. ಆಕಾಶ ಬೀಳಲಿಲ್ಲ.

“ನೋಡೋಕೆ ಬಂದೋನು ಬಾಗಿಲು ಯಾಕಯ್ಯಾ ಹಿಡ್ಕೊಂಡಿದ್ದೀಯ?”

“ಹಿಡ್ಕೊಂಡೆ. ಇಷ್ಟು ಜನ ಹೋದ್ರು, ಒಬ್ಬರೂ ನನ್ನ ಕೈಯಿಂದ ಇಸ್ಕೊಳ್ಳಲಿಲ್ಲ. ಇವರು ಎಲ್ಲೂ ಹೋಗಿಲ್ಲ, ನನ್ನ ಹಿಂದೆನೇ ಇದ್ರು. ಬಿಡಿ ಬಿಡಿ ಅಂತ ಬಡ್ಕೋತಿದ್ರು, ನಾನೇ ಬಿಡಲಿಲ್ಲ. ತಪ್ಪಾಗಿದ್ರೆ ನಂದು.” ಕೊಡೆಯನ್ನು ನೆಲಕ್ಕೆ ಊರಿದ. “ಮತ್ತೆ, ಅಯ್ಯಾ ಗಿಯ್ಯಾ ಅನ್ನಬೇಡಿ. ನನಗೂ ಅನ್ನಬೇಡಿ, ಅವರಿಗೂ ಅನ್ನಬೇಡಿ. ನಿಮ್ಮಪ್ಪನ ವಯಸ್ಸು ನಮ್ಮಿಬ್ಬರದು.”

ಸೂಪರ್‌ವೈಸರು ಅವನ ಮುಖ ನೋಡಿದ, ಅಂಗಿ ನೋಡಿದ, ಕೊನೆಗೆ ಕತ್ತಿನ ಬಿಲ್ಲೆ ನೋಡಿದ. ಬಿಲ್ಲೆಯನ್ನು ಕಂಡಾಗ ಅವನ ಮುಖ ಬದಲಾಯಿತು. “ಸಾರಿ ಸಾರ್, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಲಬಾರದು ಸಾರ್” ಎಂದು, ವಾಕಿಟಾಕಿಗೆ ಏನೋ ಗೊಣಗುತ್ತ ಹೊರಟ. ಈ ಸಾರ್ ಎಂಬುದು ಯಾರಿಗೆ ಸಂದಿತು? ಒಂದು ಗಳಿಗೆಯ ಹಿಂದೆ ಅಯ್ಯಾ ಆಗಿದ್ದವನೂ ಇದೇ ಚರ್ಮದೊಳಗಿದ್ದ. ಮರ್ಯಾದೆಯನ್ನು ಮನುಷ್ಯನಿಗೆ ಕೊಡದೆ ದಾರಕ್ಕೆ ಕಟ್ಟಿದ ರಟ್ಟಿನ ಚೂರಿಗೆ ಕೊಡುವ ಈ ವ್ಯವಹಾರ ಕಂಡು ಅವನಿಗೆ ಸಂತೋಷವಾಗಲಿಲ್ಲ. ಆದರೂ ಮೈ ಹಗುರಾಗಿತ್ತು, ಜ್ವರ ಬಿಟ್ಟವನ ಹಾಗೆ.

ಬಾಗಿಲಿನವನು ಬಂದು ಹಿಡಿಗೆ ಕೈಹಾಕಿದ. ಜವಾನನ ಬೆರಳು ಇನ್ನೂ ಅಲ್ಲೇ ಇದ್ದವು.

“ಕೊಡಿ ಇಲ್ಲಿ.”

“ನೀವು ಸ್ವಲ್ಪ ಸುಧಾರಿಸ್ಕೊಳ್ಳಿ ಅಣ್ಣ, ಅಲ್ಲಿವರೆಗೆ ನಾನು…”

“ಅಯ್ಯೋ ಮಾರಾಯ, ಕೊಡಯ್ಯ ನನ್ನ ಬಾಗಿಲು!” ಎಂದ ಬಾಗಿಲಿನವನು. ಇಬ್ಬರಿಗೂ ಒಮ್ಮೆಲೆ ನಗು ಬಂತು. ನಗುತ್ತ ಅವನು ಕೊಡೆಯನ್ನೂ ಕಿತ್ತುಕೊಂಡು ಮೂಲೆಗೆ ಒರಗಿಸಿದ. “ಹೋಗಿ ಒಳಗೆ. ನಾನು ಇಲ್ಲಿ ಇಷ್ಟು ವರ್ಷದಿಂದ ನಿಂತಿದೀನಿ, ಮೇಲೆ ಹತ್ತಿ ನೋಡಿಲ್ಲ. ಹೇಗಿದೆ ಅಂತ ನೋಡಿಕೊಂಡು ಬಂದು ಹೇಳಿ.”

ಇನ್ನೊಬ್ಬರು ಹಿಡಿದ ಬಾಗಿಲಿನೊಳಗೆ ನಡೆಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕೈಯನ್ನು ಎಲ್ಲಿಡಬೇಕು? ಬೇಗ ಹೋಗಬೇಕೋ, ನಿಧಾನವೋ? ಹೊಸಿಲು ದಾಟುವಾಗ ತಲೆಯೆತ್ತಿ ಬಾಗಿಲಿನವನ ಮುಖವನ್ನು, ಕಣ್ಣನ್ನು ನೋಡಿದ. ಅಷ್ಟು ಮಾಡುವುದು ಗೊತ್ತಿತ್ತು, ಏಕೆಂದರೆ ಅವನಿಗೆ ಅದನ್ನು ಯಾರೂ ಮಾಡಿರಲಿಲ್ಲ.

ಮೆಟ್ಟಿಲ ಬಳಿ ಹೆಂಡತಿ ಅವನನ್ನು ಬೈಯಲಿಲ್ಲ. ಅವನ ಬಲಗೈಯನ್ನು ಹಿಡಿದುಕೊಂಡು ಅಂಗೈ ತಿರುವಿ ನೋಡಿದಳು, ಹೊಲಿಗೆ ಬಿಟ್ಟ ಅಂಗಿಯ ತೋಳನ್ನು ನೋಡುವಂತೆ.

“ನಾನು ಪಕ್ಕದಲ್ಲಿ ನೀವಿದೀರಿ ಅಂದ್ಕೊಂಡು ಅರ್ಧ ಮೆಟ್ಟಿಲು ಮಾತಾಡಿಕೊಂಡು ಹೋಗಿದೀನಿ. ತಿರುಗಿ ನೋಡಿದ್ರೆ ಯಾರೋ ಕಪ್ಪು ಕನ್ನಡಕದ ಗಂಡಸು.”

“ಅಯ್ಯಯ್ಯೋ. ಏನು ಮಾತಾಡಿದೆ?”

“ಸಿಟ್ಟು ಹೋಯ್ತು ಬಿಡಿ, ಮಧ್ಯಾಹ್ನ ಎಲ್ಲಾದ್ರೂ ಊಟಕ್ಕೆ ಹೋಗೋಣ್ವಾ ಅಂದೆ.”

“ಅವನೇನಂದ?”

“ಅವನಾದ್ರೂ ಹ್ಞೂಂ ಅಂದ.”

ಅವನು ಮೆಟ್ಟಿಲ ಮೇಲೆ ನಿಂತು, ಕಂಬಕ್ಕೆ ಬೆನ್ನು ಕೊಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಗು ಯಾವಾಗ ಅಳುವಾಯಿತೋ, ಯಾವಾಗ ಮತ್ತೆ ನಗುವಾಯಿತೋ. ಅವಳು ಕೈ ಬಿಡಲಿಲ್ಲ. ಒಂದು ಮೆಟ್ಟಿಲಿಗೆ ಇಬ್ಬರೂ ಒಟ್ಟಿಗೆ ಕಾಲಿಡುವುದು ಮೊದಮೊದಲು ತೊಡಕಾಯಿತು. ಅವನ ಹೆಜ್ಜೆ ಮುಂದೆ ಓಡುತ್ತಿತ್ತು, ಅವಳು ಜಗ್ಗುತ್ತಿದ್ದಳು. ತಿರುವಿನ ಹೊತ್ತಿಗೆ ಸರಿಹೋಯಿತು.

ಸಭಾಂಗಣವನ್ನು ಮೇಲಿನ ಗ್ಯಾಲರಿಯಿಂದ ತೋರಿಸುತ್ತಿದ್ದರು. ಅಧಿವೇಶನವಿರಲಿಲ್ಲ. ಕೆಳಗೆ ಗುಮ್ಮಟದ ಬೆಳಕಿನಲ್ಲಿ ಸಾಲುಸಾಲು ಕುರ್ಚಿಗಳು, ಕೆಂಪು ಮೆತ್ತೆಯವು, ಎತ್ತರದ ಬೆನ್ನಿನವು, ತೋಳಿನವು. ಒಂದರಲ್ಲೂ ಒಂದು ನರಪಿಳ್ಳೆಯಿರಲಿಲ್ಲ. ಇಷ್ಟೊಂದು ಕುರ್ಚಿ ಖಾಲಿ ಕೂತಿರುವುದನ್ನು ಅವನು ಕಂಡಿರಲಿಲ್ಲ. ಹೌದು, ಕುರ್ಚಿಗಳೇ ಕೂತಿದ್ದವು, ಊಟ ಮುಗಿಸಿದ ನೆಂಟರ ಹಾಗೆ. ಗೈಡು ಎಲ್ಲರೂ ಗ್ಯಾಲರಿಯಲ್ಲಿ ಕೂರಬಹುದು ಎಂದ. ಅವಳು ಕೂತಳು. ಅವನು ಕೂತ, ಸೀಟಿನ ಅರ್ಧಕ್ಕೆ. ಆಮೇಲೆ ನೆನಪಾಗಿ ಬೆನ್ನು ತಾಗುವವರೆಗೆ ಸರಿದ. ಮೆತ್ತೆ ಅವನ ತೂಕಕ್ಕೆ ಒಂದು ನಿಟ್ಟುಸಿರು ಬಿಟ್ಟಿತು. ಗೈಡು ಮರ ಎಲ್ಲಿಂದ ಬಂತು, ದೀಪದ ಗೊಂಚಲು ಯಾವ ದೇಶದ್ದು, ನೆಲದ ಕಲ್ಲು ಹೊಳೆಯುವಂತೆ ತಿಕ್ಕಲು ಎಷ್ಟು ಕಾಲ ಹಿಡಿಯಿತು ಎಲ್ಲ ಹೇಳಿದ. ಯಾರು ತಿಕ್ಕಿದರು ಎಂದು ಹೇಳಲಿಲ್ಲ. “ನಮ್ಮ ನಿಮ್ಮ ಹಣೆಬರಹ ಬರೆಯೋದು ಈ ಕುರ್ಚಿಗಳ ಮೇಲೆ ಕೂತೇ” ಎಂದು ನಕ್ಕು, “ಪ್ರಶ್ನೆ ಇದ್ರೆ ಕೇಳಿ” ಎಂದ. ಕಪ್ಪು ಕನ್ನಡಕದಾತ ಫೋಟೋ ತೆಗೆಯಬಹುದೇ ಎಂದು ಕೇಳಿದ. ಅಜ್ಜಿ ಊಟ ಯಾವಾಗ ಎಂದಳು. ಜನ ಎದ್ದು ಚೀಲ ಹೆಗಲಿಗೇರಿಸತೊಡಗಿದರು.

ಪ್ರಶ್ನೆ ಅವನೊಳಗೆ ಎಲ್ಲಿತ್ತೋ ಅವನಿಗೇ ಗೊತ್ತಿರಲಿಲ್ಲ. ಆಫೀಸಿನಲ್ಲಿ ಪ್ರಶ್ನೆ ಎನ್ನುವುದು ಯಾವಾಗಲೂ ಅವನ ಕಡೆ ಬರುವಂಥದು: ಎಲ್ಲಿಟ್ಟೆ, ಯಾಕೆ ತಡ, ಯಾರನ್ನ ಕೇಳಿ ಬಿಟ್ಟೆ. ತಾನು ಒಂದನ್ನು ಎತ್ತಿ ಎದುರಿಗೆ ಎಸೆಯಬಹುದು ಎಂಬುದೇ ಹೊಸತಾಗಿತ್ತು.

“ಒಂದು ಕೇಳಬೇಕಿತ್ತು” ಎಂದ. ಗುಮ್ಮಟ ಆ ದನಿಯನ್ನು ಎತ್ತಿಕೊಂಡು ಎಲ್ಲ ಕಡೆಗೂ ಹಂಚಿತು, ಅವನೇ ಬೆಚ್ಚಿದ.

“ಕೇಳಿ ಸಾರ್.”

“ಇಲ್ಲಿ ಇಷ್ಟು ಕುರ್ಚಿ ಇದಾವಲ್ಲ. ಕೆಳಗೆ ಬಾಗಿಲು ಕಾಯೋರಿಗೆ ಕೂರೋಕೆ ಒಂದು ಕುರ್ಚಿ ಯಾಕಿಲ್ಲ?”

ಗೈಡು ನಕ್ಕ. ತಾನೊಬ್ಬನೇ ನಕ್ಕದ್ದು ಗೊತ್ತಾಗಿ ನಿಲ್ಲಿಸಿದ. “ಅದು… ಅದು ನಮ್ಮ ಕಾರ್ಯಕ್ರಮದಲ್ಲಿ ಬರಲ್ಲ ಸಾರ್. ಬನ್ನಿ ಬನ್ನಿ, ಮುಂದೆ ಮ್ಯೂಸಿಯಂ ಇದೆ, ಬಸ್ಸಿಗೆ ತಡ ಆಗುತ್ತೆ.”

“ಕೇಳಿದ್ದಕ್ಕೆ ಹೇಳಿ ಹೋಗಪ್ಪ” ಎಂದಳು ಅಜ್ಜಿ, ಎದ್ದವಳು ಮತ್ತೆ ಕೂರುತ್ತ. “ಹೌದಲ್ಲ, ಯಾಕಿಲ್ಲ?”

ಮಗುವಿನ ತಾಯಿ ಬಾಗಿಲ ಕಡೆ ಹೊರಟಿದ್ದವಳು ನಿಂತಳು. ಯಾರೋ ಗೊಣಗಿದರು, ಯಾರೋ ಗಡಿಯಾರ ನೋಡಿಕೊಂಡರು. ಗೈಡು ಮೈಕನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಜವಾನನ ಮೊಣಕಾಲು ಒಮ್ಮೆ ಮಿಡುಕಿತು, ಏಳು ಎಂದು. ಎಲ್ಲರಿಗೂ ತೊಂದರೆಯಾಯಿತು, ಏಳು, ತಪ್ಪಾಯಿತು ಅನ್ನು. ಪಕ್ಕದಲ್ಲಿ ಅವಳು ಚೀಲವನ್ನು ಹೆಗಲಿಂದ ಇಳಿಸಿ ಕಾಲ ಬಳಿ ಇಟ್ಟಳು. ಅವಸರವೇನೂ ಇಲ್ಲ ಎಂಬಂತೆ. ಅವನು ಎರಡೂ ಕೈಗಳನ್ನು ಕುರ್ಚಿಯ ತೋಳುಗಳ ಮೇಲೆ ಚಾಚಿ, ಗೈಡನ ಕಣ್ಣನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತ ಕೂತ.